ಕಡಿಮೆ ಆದಾಯದ ಕುಟುಂಬಗಳಿಗೆ ಸಾರ್ವಜನಿಕ ಬಾಡಿಗೆ ವಸತಿ: ಹಾನಗಲ್, ಶಿಗ್ಗಾಂವ, ಸವಣೂರು ಮತ್ತು ಹಿರೇಕೆರೂರು ಪಟ್ಟಣಗಳ ಸಂದರ್ಭದಲ್ಲಿ ಒಂದು ವಿಶ್ಲೇಷಣೆ

ಪೀಠಿಕೆ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವ ಮತ್ತು ಸವಣೂರು ಪುರಸಭೆಗಳಲ್ಲಾಗಲಿ, ಹಿರೇಕೆರೂರು ಪಟ್ಟಣ ಪಂಚಾಯಿತಿಯಲ್ಲಾಗಲಿ, ವಸತಿ ಸೌಲಭ್ಯ ಕೋರಿ ಬರುವ ಕುಟುಂಬವು ಮೊದಲಿಗೆ ಉತ್ತರಿಸಬೇಕಾದ ಪ್ರಶ್ನೆ "ಸ್ವಂತ ನಿವೇಶನವಿದೆಯೇ?" ಎಂಬುದಾಗಿರುತ್ತದೆ. ನಿವೇಶನ ಇರುವವರಿಗೆ ಮನೆ ಕಟ್ಟಿಕೊಳ್ಳಲು ಸಹಾಯಧನದ ಯೋಜನೆಗಳಿವೆ. ನಿವೇಶನ ಇಲ್ಲದವರು ನಿವೇಶನರಹಿತರ ಪಟ್ಟಿಯಲ್ಲಿ ಹೆಸರು ಸೇರಿಸಿ ಕಾಯಬೇಕಾಗುತ್ತದೆ. ಈ ಕಾಯುವ ಅವಧಿಯಲ್ಲಿ ಕುಟುಂಬವು ಎಲ್ಲಿ ವಾಸಿಸಬೇಕು, ಎಷ್ಟು ಬಾಡಿಗೆ ತೆರಬೇಕು, ಮನೆ ಖಾಲಿ ಮಾಡುವಂತೆ ಹೇಳಿದಾಗ ಯಾರ ಬಳಿ ಹೋಗಬೇಕು ಎಂಬುದಕ್ಕೆ ವಸತಿ ನೀತಿಯಲ್ಲಿ ಬಹುಕಾಲ ಸ್ಪಷ್ಟ ಉತ್ತರವಿರಲಿಲ್ಲ.

2024ರಲ್ಲಿ ಕೇಂದ್ರ ಸರ್ಕಾರವು ಅನುಮೋದಿಸಿದ ಪ್ರಧಾನ ಮಂತ್ರಿ ಆವಾಸ್ ಯೋಜನೆ - ನಗರ 2.0ರಲ್ಲಿ "ಕೈಗೆಟಕುವ ಬಾಡಿಗೆ ವಸತಿ" ಎಂಬುದು ಒಂದು ಪ್ರತ್ಯೇಕ ಘಟಕವಾಗಿ ಸೇರ್ಪಡೆಯಾಗಿದೆ. ಸದರಿ ಘಟಕವು ಮಹಾನಗರಗಳಿಗೆ ಮಾತ್ರ ಸೀಮಿತವಾಗದೆ ಸಣ್ಣ ಪಟ್ಟಣಗಳಿಗೂ ಪ್ರಯೋಜನವಾಗಬೇಕಾದಲ್ಲಿ ಯಾವ ಸುಧಾರಣೆಗಳು ಅವಶ್ಯವೆಂಬುದನ್ನು ಮೇಲ್ಕಂಡ ನಾಲ್ಕು ಪಟ್ಟಣಗಳ ಸಂದರ್ಭದಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ನಾಲ್ಕು ಪಟ್ಟಣಗಳ ಸ್ಥಿತಿಗತಿ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಹಾವೇರಿ ಜಿಲ್ಲೆಯ ಜನಸಂಖ್ಯೆಯು 2011ರ ಜನಗಣತಿಯಂತೆ 15,97,668. ಇವರಲ್ಲಿ ನಗರವಾಸಿಗಳ ಪ್ರಮಾಣ ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ. ಈ ನಾಲ್ಕು ಪಟ್ಟಣಗಳಲ್ಲಿ ಯಾವುದೂ ಸದರಿ ಗಣತಿಯಲ್ಲಿ 50,000 ಜನಸಂಖ್ಯೆಯನ್ನು ಮುಟ್ಟಿರಲಿಲ್ಲ.

ಪಟ್ಟಣವು ಸಣ್ಣದಾದ ಮಾತ್ರಕ್ಕೆ ಅಲ್ಲಿ ಬಾಡಿಗೆ ಮನೆಯ ಅಗತ್ಯವಿಲ್ಲವೆಂದು ಭಾವಿಸುವುದು ಸರಿಯಲ್ಲ. ತಾಲ್ಲೂಕು ಕೇಂದ್ರವಾದ್ದರಿಂದ ಕಚೇರಿಗಳ ಹೊರಗುತ್ತಿಗೆ ನೌಕರರು, ಆಸ್ಪತ್ರೆ ಮತ್ತು ಶಾಲೆಗಳ ಗುತ್ತಿಗೆ ಸಿಬ್ಬಂದಿ, ಅಂಗಡಿ ಹಾಗೂ ಗ್ಯಾರೇಜುಗಳ ಕೆಲಸಗಾರರು, ಮಾರುಕಟ್ಟೆಯ ಹಮಾಲರು, ಕಟ್ಟಡ ಕಾರ್ಮಿಕರು ಮತ್ತು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಹಳ್ಳಿಯಿಂದ ಬಂದ ಕುಟುಂಬಗಳು ಇಂತಹ ಪಟ್ಟಣಗಳಲ್ಲಿ ಬಾಡಿಗೆ ಮನೆಗಳನ್ನೇ ಅವಲಂಬಿಸಿರುತ್ತಾರೆ. ಶಿಗ್ಗಾಂವ ಪಟ್ಟಣವು ಪುಣೆ - ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮಾರ್ಗದಲ್ಲಿದೆ. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ, ಹಾನಗಲ್‌ನಲ್ಲಿ ಭತ್ತ ಮತ್ತು ಮಾವಿನ ವಹಿವಾಟು, ಹಿರೇಕೆರೂರಿನಲ್ಲಿ ಗೋವಿನಜೋಳ ಮತ್ತು ಹತ್ತಿಯ ವಹಿವಾಟು ನಡೆಯುತ್ತವೆ. ಇವುಗಳ ಕೆಲಸವು ಹಂಗಾಮಿಗೆ ತಕ್ಕಂತೆ ಏರಿಳಿಯುವುದರಿಂದ ಕೆಲಸಗಾರರ ಆದಾಯವೂ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ.

ಇಂತಹ ಕುಟುಂಬಗಳಿಗೆ ಎರಡು ಬಗೆಯ ತೊಂದರೆಗಳಿವೆ. ಮೊದಲನೆಯದು ಹಣದ ತೊಂದರೆ: ತಿಂಗಳ ಬಾಡಿಗೆಯ ಜೊತೆಗೆ ಮುಂಗಡ ಠೇವಣಿಯನ್ನು ಒಂದೇ ಗಂಟಿನಲ್ಲಿ ಕೊಡಬೇಕಾಗುತ್ತದೆ. ಎರಡನೆಯದು ದಾಖಲೆಯ ತೊಂದರೆ: ಬಾಯಿಮಾತಿನ ಬಾಡಿಗೆಯಲ್ಲಿ ವಾಸಿಸುವವರ ಬಳಿ ಕರಾರು ಪತ್ರವಿರುವುದಿಲ್ಲ. ಆದ್ದರಿಂದ ವಿಳಾಸದ ಬದಲಾವಣೆ, ಪಡಿತರ ಚೀಟಿ, ಮತದಾರರ ಪಟ್ಟಿ ಮುಂತಾದ ಎಲ್ಲ ಸೇವೆಗಳಿಗೂ ಅವರು ಮನೆ ಮಾಲೀಕರ ಒಪ್ಪಿಗೆಯನ್ನು ಅವಲಂಬಿಸಬೇಕಾಗುತ್ತದೆ. ಅಂದರೆ ಬಾಡಿಗೆ ವಸತಿಯ ಪ್ರಶ್ನೆಯು ಕೇವಲ ಸೂರಿನ ಪ್ರಶ್ನೆಯಲ್ಲ. ಇತರ ಸರ್ಕಾರಿ ಸೇವೆಗಳನ್ನು ಪಡೆಯುವ ಅರ್ಹತೆಯ ಪ್ರಶ್ನೆಯೂ ಆಗಿದೆ.

ಪ್ರಸ್ತುತ ನೀತಿಯ ಒಲವು ಮಾಲೀಕತ್ವದ ಕಡೆಗೆ

ರಾಜ್ಯದಲ್ಲಿ ಬಡವರ ವಸತಿಗಾಗಿ ಹಲವು ಸಂಸ್ಥೆಗಳು ಕಾರ್ಯನಿರ್ವಹಿಸುತ್ತಿವೆ. ಕರ್ನಾಟಕ ಗೃಹ ಮಂಡಳಿಯು 1962ರ ಕಾಯ್ದೆಯಡಿ ರಚನೆಯಾಯಿತು. ಕೊಳಚೆ ಪ್ರದೇಶಗಳ ಅಭಿವೃದ್ಧಿಗೆ 1973ರ ಕಾಯ್ದೆಯಡಿ ಪ್ರತ್ಯೇಕ ಮಂಡಳಿಯಿದೆ. 2000ನೇ ಇಸವಿಯಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಹೆಸರಿನಲ್ಲಿ ಗ್ರಾಮೀಣವಾದರೂ ನಗರ ವಸತಿ ಯೋಜನೆಗಳನ್ನೂ ನಿರ್ವಹಿಸುತ್ತದೆ. ಆಶ್ರಯ, ವಾಜಪೇಯಿ ನಗರ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್, ದೇವರಾಜ ಅರಸು ವಸತಿ ಮುಂತಾದ ಯೋಜನೆಗಳ ಸ್ವರೂಪ ಬೇರೆ ಬೇರೆಯಾದರೂ ಗುರಿ ಒಂದೇ: ಫಲಾನುಭವಿಯನ್ನು ಮನೆಯ ಮಾಲೀಕರನ್ನಾಗಿ ಮಾಡುವುದು. ನಗರ ಪ್ರದೇಶದಲ್ಲಿ ಕ್ಷೇತ್ರದ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಮೂಲಕ ಫಲಾನುಭವಿಗಳ ಆಯ್ಕೆ ನಡೆಯುತ್ತದೆ.

ಮಾಲೀಕತ್ವದ ಮನೆಯು ಕುಟುಂಬಕ್ಕೆ ಶಾಶ್ವತ ಭದ್ರತೆಯನ್ನು ನೀಡುತ್ತದೆ ಎಂಬುದು ನಿರ್ವಿವಾದ. ಮನೆಯನ್ನು ಮಹಿಳೆಯ ಹೆಸರಿನಲ್ಲಿ ಮಂಜೂರು ಮಾಡುವ ಪದ್ಧತಿಯಿಂದ ಆದ ಅನುಕೂಲವೂ ದೊಡ್ಡದು. ಆದರೆ ಸಹಾಯಧನವು ನಿವೇಶನದ ಮೇಲೆ ನಿಂತಿದೆ. ಪ್ರಧಾನ ಮಂತ್ರಿ ಆವಾಸ್ ಯೋಜನೆ - ನಗರ 2.0ರ ಫಲಾನುಭವಿ ನೇತೃತ್ವದ ನಿರ್ಮಾಣ ಘಟಕದಡಿ ಕರ್ನಾಟಕದಂತಹ ರಾಜ್ಯಗಳಲ್ಲಿ ಕೇಂದ್ರದಿಂದ 1.50 ಲಕ್ಷ ರೂ. ಮತ್ತು ರಾಜ್ಯದಿಂದ ಕನಿಷ್ಠ 1.00 ಲಕ್ಷ ರೂ. ನೆರವಿಗೆ ಅವಕಾಶವಿದೆ. ಈ ನೆರವು ಸ್ವಂತ ಜಾಗದ ದಾಖಲೆ ಇರುವವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ನಿವೇಶನವನ್ನೂ ಖರೀದಿಸಲಾಗದ, ಉಳಿದ ವೆಚ್ಚಕ್ಕೆ ಸಾಲವನ್ನೂ ಪಡೆಯಲಾಗದ ಕುಟುಂಬವು ಬಡತನದಲ್ಲಿ ಕೆಳಗಿದ್ದಷ್ಟೂ ಯೋಜನೆಯಿಂದ ದೂರ ಉಳಿಯುತ್ತದೆ. ನೀತಿಯ ಸುಧಾರಣೆಯು ಆರಂಭವಾಗಬೇಕಾದುದು ಈ ವೈರುಧ್ಯದಿಂದಲೇ.

2012ರಲ್ಲಿ ಕೇಂದ್ರದ ತಾಂತ್ರಿಕ ತಂಡವು ದೇಶದ ನಗರ ವಸತಿ ಕೊರತೆಯನ್ನು 1.878 ಕೋಟಿ ಮನೆಗಳೆಂದು ಅಂದಾಜಿಸಿತ್ತು. ಅದರಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ಆರ್ಥಿಕವಾಗಿ ದುರ್ಬಲ ವರ್ಗ ಮತ್ತು ಕಡಿಮೆ ಆದಾಯ ಗುಂಪಿನದು. ಅದೇ ಕಾಲದಲ್ಲಿ, 2011ರ ಜನಗಣತಿಯಂತೆ, ನಗರ ಪ್ರದೇಶಗಳಲ್ಲಿ 1.10 ಕೋಟಿಗೂ ಹೆಚ್ಚು ಮನೆಗಳು ಖಾಲಿ ಇದ್ದವು. ಕೊರತೆಯು ಮನೆಗಳ ಸಂಖ್ಯೆಯಲ್ಲಿ ಮಾತ್ರ ಇರದೆ, ಕಡಿಮೆ ಆದಾಯದವರ ಕೈಗೆಟಕುವ ಮನೆಗಳಲ್ಲಿ ಇದೆ ಎಂಬುದನ್ನು ಈ ಎರಡು ಅಂಕಿಗಳು ಒಟ್ಟಾಗಿ ತೋರಿಸುತ್ತವೆ.

ಬಾಡಿಗೆದಾರರನ್ನು ಗುರುತಿಸಿದ ಎರಡು ಸಂದರ್ಭಗಳು

ರಾಜ್ಯದಲ್ಲಿ ಬಾಡಿಗೆದಾರರನ್ನು ಪ್ರತ್ಯೇಕವಾಗಿ ಗುರುತಿಸಿ ನೆರವು ನೀಡಿದ ನಿದರ್ಶನಗಳಿಲ್ಲದಿಲ್ಲ. 2019ರ ಆಗಸ್ಟ್‌ನ ಅತಿವೃಷ್ಟಿ ಮತ್ತು ಪ್ರವಾಹದಲ್ಲಿ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳೊಂದಿಗೆ ವರದಾ ಮತ್ತು ಧರ್ಮಾ ನದಿಗಳ ಪಾತ್ರದ ಗ್ರಾಮಗಳಲ್ಲಿಯೂ ಮನೆಗಳು ಹಾನಿಗೊಳಗಾದವು. ಆ ಸಂದರ್ಭದಲ್ಲಿ ರಾಜ್ಯ ಸರ್ಕಾರವು ಪೂರ್ಣ ಕುಸಿದ ಮನೆಯ ಪುನರ್ನಿರ್ಮಾಣಕ್ಕೆ 5 ಲಕ್ಷ ರೂ. ಘೋಷಿಸಿತಲ್ಲದೆ, ಮನೆ ಕಳೆದುಕೊಂಡವರು ಬಾಡಿಗೆ ಮನೆಯಲ್ಲಿ ವಾಸಿಸಲು ತಿಂಗಳಿಗೆ 5,000 ರೂ.ನಂತೆ 10 ತಿಂಗಳ ನೆರವನ್ನೂ ಘೋಷಿಸಿತು. ಸ್ವಂತ ಮನೆ ಸಿದ್ಧವಾಗುವವರೆಗೆ ಬಾಡಿಗೆ ಸೂರು ಬೇಕೆಂಬುದನ್ನು ಸರ್ಕಾರವು ಅಂದು ನೇರವಾಗಿ ಒಪ್ಪಿಕೊಂಡಂತಾಯಿತು. ಇದರೊಂದಿಗೆ ಇನ್ನೊಂದು ಅಂಶವೂ ಗಮನಾರ್ಹ. ನಗದು ನೆರವು ಪರಿಣಾಮಕಾರಿಯಾಗಬೇಕಾದರೆ ಬಾಡಿಗೆಗೆ ದೊರೆಯುವ ಮನೆಗಳು ಊರಿನಲ್ಲಿ ಇರಲೇಬೇಕು. ಮನೆಗಳೇ ಕಡಿಮೆಯಿದ್ದಲ್ಲಿ ಹಣವು ಬಾಡಿಗೆಯ ದರವನ್ನು ಏರಿಸುತ್ತದೆಯೇ ಹೊರತು ಸೂರನ್ನು ಹೆಚ್ಚಿಸುವುದಿಲ್ಲ.

ಎರಡನೆಯ ನಿದರ್ಶನ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ. ತಿಂಗಳಿಗೆ 200 ಯೂನಿಟ್ ಮಿತಿಯೊಳಗಿನ ಉಚಿತ ವಿದ್ಯುತ್ ಸೌಲಭ್ಯವನ್ನು ಬಾಡಿಗೆದಾರರಿಗೂ ವಿಸ್ತರಿಸಲಾಯಿತು. ಮನೆ ಬದಲಿಸಿದವರು ಹಳೆಯ ಮೀಟರಿನ ಜೋಡಣೆಯನ್ನು ರದ್ದುಪಡಿಸಿಕೊಂಡು ಹೊಸ ಮನೆಯ ಮೀಟರಿಗೆ ಸೌಲಭ್ಯ ಪಡೆಯಲು 2024ರಲ್ಲಿ ಅವಕಾಶ ಕಲ್ಪಿಸಲಾಯಿತು. ವಿದ್ಯುತ್ ಸೌಲಭ್ಯವು ಬಾಡಿಗೆದಾರರೊಂದಿಗೆ ಮನೆಯಿಂದ ಮನೆಗೆ ಸಾಗಬಹುದಾದರೆ, ನಿವೇಶನರಹಿತರ ಪಟ್ಟಿಯಲ್ಲಿನ ಅವರ ಜ್ಯೇಷ್ಠತೆಯೂ ಅದೇ ರೀತಿ ಸಾಗಬಹುದು. ಇದಕ್ಕೆ ಬೇಕಾದುದು ಆಡಳಿತಾತ್ಮಕ ನಿರ್ಧಾರವಷ್ಟೆ.

ಹಿಂದಿನ ಅನುಭವದ ಪಾಠ

ಸಾರ್ವಜನಿಕ ಬಾಡಿಗೆ ವಸತಿಯು ದೇಶಕ್ಕೆ ಹೊಸ ವಿಚಾರವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಭಾಗವು ಸೇರಿದ್ದ ಮುಂಬಯಿ ಪ್ರಾಂತ್ಯದ ರಾಜಧಾನಿಯಲ್ಲಿ 1920ರ ದಶಕದಲ್ಲಿ ಮುಂಬಯಿ ಅಭಿವೃದ್ಧಿ ಇಲಾಖೆಯು ವರ್ಳಿ, ನಾಯಗಾಂವ್, ಶಿವಡಿ ಮತ್ತು ಪರೇಲ್ ಭಾಗಗಳಲ್ಲಿ ಸುಮಾರು ಇನ್ನೂರು ಚಾಳುಗಳನ್ನು ಕಟ್ಟಿ ಕಾರ್ಮಿಕರಿಗೆ ಬಾಡಿಗೆಗೆ ನೀಡಿತು. ಸ್ವಾತಂತ್ರ್ಯಾನಂತರ, 1952ರಲ್ಲಿ, ಕೈಗಾರಿಕಾ ಕಾರ್ಮಿಕರಿಗಾಗಿ ಕೇಂದ್ರದ ಸಹಾಯಧನದ ವಸತಿ ಯೋಜನೆಯು ಆರಂಭವಾಯಿತು. ಅದರಡಿ ನಿರ್ಮಾಣವಾದ ಮನೆಗಳೂ ಮೂಲತಃ ಬಾಡಿಗೆಯವೇ.

ಈ ಯೋಜನೆಗಳ ಮುಂದಿನ ಕಥೆ ಬಹುತೇಕ ಒಂದೇ ತೆರನಾಗಿದೆ. ಬಾಡಿಗೆಯು ಪ್ರಾರಂಭದಲ್ಲಿ ನಿಗದಿಯಾದ ಮಟ್ಟದಲ್ಲಿಯೇ ಬಹುಕಾಲ ಉಳಿಯಿತು. ದುರಸ್ತಿಯ ವೆಚ್ಚ ಏರುತ್ತಾ ಹೋಯಿತು. ಬಾಡಿಗೆಯ ಮೊತ್ತದಿಂದ ದುರಸ್ತಿ ಸಾಧ್ಯವಾಗದೆ ಕಟ್ಟಡಗಳು ಶಿಥಿಲಗೊಂಡವು. ಕೊನೆಗೆ ಅನೇಕ ಕಡೆ ಮನೆಗಳನ್ನು ನಿವಾಸಿಗಳಿಗೇ ಮಾರಾಟ ಮಾಡಲಾಯಿತು. ಮುಂಬಯಿಯ ಚಾಳುಗಳ ವಿಷಯದಲ್ಲಿ 160 ಚದರ ಅಡಿಯ ಕೋಣೆಯ ಬಾಡಿಗೆದಾರರಿಗೆ 500 ಚದರ ಅಡಿಯ ಮಾಲೀಕತ್ವದ ಮನೆ ನೀಡುವ ಪುನರಭಿವೃದ್ಧಿ ಕೈಗೊಳ್ಳಲಾಗಿದ್ದು, ವರ್ಳಿಯಲ್ಲಿ ಮೊದಲ ಹಂತದ ಕುಟುಂಬಗಳಿಗೆ 2025ರ ಆಗಸ್ಟ್‌ನಲ್ಲಿ ಬೀಗದ ಕೈ ಹಸ್ತಾಂತರಿಸಲಾಯಿತು. ಆ ಕುಟುಂಬಗಳಿಗೆ ಇದರಿಂದ ನ್ಯಾಯ ದೊರೆತಿರಬಹುದು. ಆದರೆ ಬಾಡಿಗೆ ವಸತಿಯ ದಾಸ್ತಾನಿನಿಂದ ಆ ಮನೆಗಳು ಶಾಶ್ವತವಾಗಿ ಹೊರಹೋದವು. ನಾಳೆ ಊರಿಗೆ ಬರುವ ಕೆಲಸಗಾರನಿಗೆ ಅಲ್ಲಿ ಸಾರ್ವಜನಿಕ ಬಾಡಿಗೆ ಮನೆಯಿರುವುದಿಲ್ಲ.

ಸಿಂಗಪುರದ ಅನುಭವ ಇದಕ್ಕಿಂತ ಭಿನ್ನ. ಅಲ್ಲಿಯ ವಸತಿ ಮಂಡಳಿಯು 1960ರಲ್ಲಿ ಬಾಡಿಗೆ ಮನೆಗಳಿಂದ ಆರಂಭಿಸಿ, 1964ರಲ್ಲಿ ಮಾಲೀಕತ್ವ ಯೋಜನೆಯನ್ನು ಜಾರಿಗೆ ತಂದಿತು. ಇಂದು ಬಹುಪಾಲು ನಿವಾಸಿಗಳು ಮಾಲೀಕರಾಗಿದ್ದರೂ, ಕಡಿಮೆ ಆದಾಯದವರಿಗಾಗಿ ಬಾಡಿಗೆ ಮನೆಗಳ ಒಂದು ದಾಸ್ತಾನನ್ನು ಮಂಡಳಿಯು ಪ್ರತ್ಯೇಕವಾಗಿ ಉಳಿಸಿಕೊಂಡಿದೆ. ಬಾಡಿಗೆಯು ಕುಟುಂಬದ ಆದಾಯಕ್ಕನುಗುಣವಾಗಿ ನಿಗದಿಯಾಗುತ್ತದೆ. ಬಾಡಿಗೆ ಮತ್ತು ಮಾಲೀಕತ್ವ ಪರಸ್ಪರ ವಿರುದ್ಧವಲ್ಲ, ಒಂದೇ ಏಣಿಯ ಎರಡು ಮೆಟ್ಟಿಲುಗಳು ಎಂಬುದು ಇದರಿಂದ ತಿಳಿದುಬರುವ ಅಂಶ.

2020ರ ಯೋಜನೆಯ ಸೀಮಿತ ಫಲ

ಕೋವಿಡ್ ಕಾಲದಲ್ಲಿ ವಲಸೆ ಕಾರ್ಮಿಕರು ನಗರಗಳನ್ನು ತೊರೆದು ಊರುಗಳಿಗೆ ಮರಳಿದ ಸಂದರ್ಭದಲ್ಲಿ, 2020ರ ಜುಲೈನಲ್ಲಿ, ಕೇಂದ್ರ ಸರ್ಕಾರವು ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಯನ್ನು ಅನುಮೋದಿಸಿತು. ಅದರಲ್ಲಿ ಎರಡು ಮಾದರಿಗಳಿದ್ದವು. ಮೊದಲನೆಯದರಲ್ಲಿ ಸರ್ಕಾರದ ಹಣದಿಂದ ನಿರ್ಮಾಣವಾಗಿ ಖಾಲಿ ಉಳಿದ ಮನೆಗಳನ್ನು 25 ವರ್ಷಗಳ ಒಪ್ಪಂದದ ಮೇಲೆ ಬಾಡಿಗೆ ಮನೆಗಳನ್ನಾಗಿ ಪರಿವರ್ತಿಸಬೇಕಿತ್ತು. ಎರಡನೆಯದರಲ್ಲಿ ಸಾರ್ವಜನಿಕ ಅಥವಾ ಖಾಸಗಿ ಸಂಸ್ಥೆಗಳು ತಮ್ಮ ಸ್ವಂತ ಜಾಗದಲ್ಲಿ ಸಮುಚ್ಚಯಗಳನ್ನು ನಿರ್ಮಿಸಬೇಕಿತ್ತು.

ಮೊದಲ ಮಾದರಿಗೆ ದೇಶದಲ್ಲಿ 83,534 ಖಾಲಿ ಮನೆಗಳನ್ನು ಗುರುತಿಸಲಾಗಿತ್ತು. ಪರಿವರ್ತನೆಯಾದುದು 5,648 ಮಾತ್ರ, ಅಂದರೆ ಶೇ. 7ಕ್ಕಿಂತ ಕಡಿಮೆ. ಅವುಗಳಲ್ಲಿ 2,195 ಮನೆಗಳು ಚಂಡೀಗಢ ಒಂದರಲ್ಲಿಯೇ ಇದ್ದವು. ಕೆಲಸದ ಸ್ಥಳದಿಂದ ದೂರವಿದ್ದು, ನೀರು, ಒಳಚರಂಡಿ, ಬಸ್ ಸೌಕರ್ಯ ಇಲ್ಲದೆ ಖಾಲಿ ಬಿದ್ದ ಮನೆಯು "ಬಾಡಿಗೆ ಮನೆ" ಎಂಬ ಹೊಸ ಹೆಸರು ಪಡೆದ ಮಾತ್ರಕ್ಕೆ ವಾಸಯೋಗ್ಯವಾಗುವುದಿಲ್ಲ. ಮಾಲೀಕನಾಗಿ ಒಪ್ಪದ ಸ್ಥಳವನ್ನು ಬಾಡಿಗೆದಾರನೂ ಒಪ್ಪುವುದಿಲ್ಲ.

ಎರಡನೆಯ ಮಾದರಿಯಲ್ಲಿ ಒಂದು ಯೋಜನೆಗೆ ಕನಿಷ್ಠ 40 ಮನೆಗಳು ಅಥವಾ ಅದಕ್ಕೆ ಸಮನಾದ ಹಾಸಿಗೆಗಳ ವಸತಿಯನ್ನು ನಿಗದಿಪಡಿಸಲಾಗಿತ್ತು. ಮಹಾನಗರದ ನಿರ್ಮಾಣ ಸಂಸ್ಥೆಗೆ ಇದು ಸಣ್ಣ ಸಂಖ್ಯೆ. ಹಿರೇಕೆರೂರಿನಂತಹ ಪಟ್ಟಣದಲ್ಲಿ ಒಂದೇ ಕಡೆ ಇಷ್ಟು ಮನೆಗಳಿಗೆ ಸೂಕ್ತ ಜಾಗ ಮತ್ತು ನಿರಂತರ ಬೇಡಿಕೆ ದೊರಕಿಸುವುದು ಸುಲಭವಲ್ಲ. ಖಾಸಗಿ ಸಂಸ್ಥೆಗೆ ಲಾಭವಿಲ್ಲದ ಕಡೆ ಹೊಣೆಯು ಸ್ಥಳೀಯ ಸಂಸ್ಥೆಯ ಮೇಲೆ ಬೀಳುತ್ತದೆ. ನಿರಾಶ್ರಿತರ ರಾತ್ರಿ ತಂಗುದಾಣಗಳ ವಿಷಯದಲ್ಲಿಯೂ ಇದೇ ತೊಡಕು ಇದೆ: ಒಂದು ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣವೆಂಬ ಮಾನದಂಡದಲ್ಲಿ 50,000ಕ್ಕಿಂತ ಕಡಿಮೆ ಜನರಿರುವ ಪಟ್ಟಣವು ಲೆಕ್ಕಕ್ಕೇ ಸಿಗುವುದಿಲ್ಲ.

ಬಾಡಿಗೆ ನಿಗದಿಯ ಲೆಕ್ಕಾಚಾರ

ಸಾರ್ವಜನಿಕ ಬಾಡಿಗೆ ವಸತಿಯ ಉಳಿವು ಅಥವಾ ಅಳಿವು ಬಾಡಿಗೆಯ ನಿಗದಿಯಲ್ಲಿದೆ. 2020ರ ಮಾರ್ಗಸೂಚಿಗಳಂತೆ ಪ್ರಾರಂಭಿಕ ಬಾಡಿಗೆಯನ್ನು ಸ್ಥಳೀಯ ಸಮೀಕ್ಷೆಯ ಆಧಾರದ ಮೇಲೆ ನಿಗದಿಪಡಿಸಿ, ಎರಡು ವರ್ಷಗಳಿಗೊಮ್ಮೆ ಶೇ. 8ರಷ್ಟು ಹೆಚ್ಚಿಸಲು ಅವಕಾಶವಿತ್ತು. ಐದು ವರ್ಷಗಳಲ್ಲಿ ಒಟ್ಟು ಹೆಚ್ಚಳವು ಶೇ. 20ನ್ನು ಮೀರುವಂತಿರಲಿಲ್ಲ.

ವಿಷಯದ ಸ್ಪಷ್ಟತೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. 40 ಮನೆಗಳ ಸಮುಚ್ಚಯದಲ್ಲಿ ತಿಂಗಳ ಬಾಡಿಗೆ 1,500 ರೂ. ಎಂದಿಟ್ಟುಕೊಂಡರೆ ವರ್ಷದ ಆದಾಯ 7,20,000 ರೂ. ಆಗುತ್ತದೆ. ನೀರು, ಶುಚಿತ್ವ, ಬಣ್ಣ, ದುರಸ್ತಿ ಮತ್ತು ಕಾವಲಿನ ವೆಚ್ಚ ಮೊದಲ ವರ್ಷ 4,00,000 ರೂ. ಇದ್ದು, ಪ್ರತಿ ವರ್ಷ ಶೇ. 5ರಂತೆ ಏರುತ್ತದೆ ಎಂದು ಭಾವಿಸಿದಲ್ಲಿ, 12 ವರ್ಷಗಳ ನಂತರ ಅದು ಸುಮಾರು 7,18,000 ರೂ. ತಲುಪುತ್ತದೆ. ಬಾಡಿಗೆಯನ್ನು ಹೆಚ್ಚಿಸದೆ ಹಾಗೆಯೇ ಬಿಟ್ಟಲ್ಲಿ ಅಲ್ಲಿಂದ ಮುಂದೆ ಪ್ರತಿ ವರ್ಷವೂ ನಷ್ಟವೇ. ಎರಡು ವರ್ಷಗಳಿಗೊಮ್ಮೆ ಶೇ. 8ರಂತೆ ಹೆಚ್ಚಿಸಿದಲ್ಲಿ ಅದೇ ಅವಧಿಗೆ ಬಾಡಿಗೆಯು ಸುಮಾರು 2,380 ರೂ. ಆಗಿ, ವರ್ಷದ ಆದಾಯ 11 ಲಕ್ಷ ರೂ. ಮೀರುತ್ತದೆ. ಉಳಿಕೆಯ ಹಣದಿಂದ ದೊಡ್ಡ ದುರಸ್ತಿಗಳನ್ನು ಕೈಗೊಳ್ಳಬಹುದು.

ಆದರೆ ಹೆಚ್ಚಳವು ಎಲ್ಲ ಕುಟುಂಬಗಳಿಗೂ ಒಂದೇ ಹೊರೆಯಾಗುವುದಿಲ್ಲ. ತಿಂಗಳಿಗೆ 10,000 ರೂ. ಆದಾಯವಿರುವ ಕುಟುಂಬಕ್ಕೆ 1,500 ರೂ. ಬಾಡಿಗೆ ಎಂದರೆ ಆದಾಯದ ಶೇ. 15. ಒಬ್ಬಂಟಿ ವಿಧವೆಯ ಆದಾಯ 5,000 ರೂ. ಇದ್ದಲ್ಲಿ ಅದೇ ಬಾಡಿಗೆ ಶೇ. 30 ಆಗುತ್ತದೆ. ಆದ್ದರಿಂದ ಬಾಡಿಗೆಯನ್ನು ಎಲ್ಲರಿಗೂ ಕಡಿಮೆ ಇಡುವ ಬದಲು, ನಿರ್ವಹಣೆಗೆ ಸಾಲುವಷ್ಟು ಬಾಡಿಗೆ ನಿಗದಿಪಡಿಸಿ, ಅಶಕ್ತ ಕುಟುಂಬಗಳ ಪಾಲಿನ ರಿಯಾಯಿತಿಯನ್ನು ಸರ್ಕಾರವು ಆಯವ್ಯಯದಲ್ಲಿ ಪ್ರತ್ಯೇಕವಾಗಿ ಭರಿಸುವುದು ಸೂಕ್ತ. ರಿಯಾಯಿತಿಯ ಹಣವು ಲೆಕ್ಕದಲ್ಲಿ ಕಾಣುವಂತಿದ್ದಲ್ಲಿ ಮಾತ್ರ ಅದು ಕಟ್ಟಡದ ಗೋಡೆಯಿಂದ ಕಿತ್ತ ಹಣವಾಗುವುದಿಲ್ಲ.

ಬಾಡಿಗೆದಾರರ ಹಕ್ಕು ಮತ್ತು ಕಾನೂನಿನ ಅಂತರ

ಕರ್ನಾಟಕ ಬಾಡಿಗೆ ಕಾಯ್ದೆ, 1999 ದಿನಾಂಕ 31-12-2001ರಿಂದ ಜಾರಿಗೆ ಬಂದಿದ್ದು, 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ ನಿಂತಿದೆ. ಇದು ಕಾಯ್ದೆಯ ಅನುಸೂಚಿಯಲ್ಲಿ ನಮೂದಿಸಿದ ಪ್ರದೇಶಗಳಿಗೆ ಅನ್ವಯಿಸುತ್ತದೆ. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳಿಗೆ ಸೇರಿದ ಕಟ್ಟಡಗಳನ್ನು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಕೇಂದ್ರವು 2021ರಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯಬಾರದೆಂದು ಹೇಳುತ್ತದೆ. ರಾಜ್ಯಗಳು ತಮ್ಮ ಶಾಸನದ ಮೂಲಕ ಅಂಗೀಕರಿಸಿದಲ್ಲಿ ಮಾತ್ರ ಅದು ಜಾರಿಗೆ ಬರುತ್ತದೆ.

ಇದರ ಪರಿಣಾಮವಾಗಿ, ಪುರಸಭೆಯ ಒಡೆತನದ ಬಾಡಿಗೆ ಮನೆಯಲ್ಲಿ ವಾಸಿಸುವ ಕುಟುಂಬಕ್ಕೆ ಬಾಡಿಗೆ ಕಾಯ್ದೆಯ ರಕ್ಷಣೆ ದೊರೆಯುವುದಿಲ್ಲ. ಮಂಜೂರಾತಿಯ ಷರತ್ತು ಮೀರಿದಾಗ ತೆರವಿನ ಕ್ರಮವು ಕರ್ನಾಟಕ ಸಾರ್ವಜನಿಕ ಆವರಣಗಳ (ಅನಧಿಕೃತ ಅಧಿಭೋಗದಾರರ ಹೊರಹಾಕುವಿಕೆ) ಕಾಯ್ದೆ, 1974ರ ಮೂಲಕ ನಡೆಯುತ್ತದೆ. ಈ ಕಾಯ್ದೆಯಲ್ಲಿ ನೋಟಿಸು ಮತ್ತು ಅಹವಾಲು ಹೇಳಿಕೊಳ್ಳುವ ಅವಕಾಶವಿದ್ದರೂ ಅದರ ಉದ್ದೇಶ ಆವರಣವನ್ನು ತೆರವುಗೊಳಿಸುವುದೇ ಹೊರತು ಬಾಡಿಗೆದಾರರ ಹಿತವಲ್ಲ. ಆದುದರಿಂದ ಬಾಡಿಗೆದಾರರ ಹಕ್ಕುಗಳು ಮಂಜೂರಾತಿ ಪತ್ರದಲ್ಲಿಯೇ ಬರಹದಲ್ಲಿರಬೇಕು. ಬಾಡಿಗೆ ಬಾಕಿಯಾದಾಗ ಎಷ್ಟು ಕಾಲಾವಕಾಶ, ಕೆಲಸ ಕಳೆದುಕೊಂಡವರಿಗೆ ಅಥವಾ ಆಸ್ಪತ್ರೆಗೆ ದಾಖಲಾದವರಿಗೆ ಯಾವ ವಿನಾಯಿತಿ, ದುರಸ್ತಿಯ ದೂರಿಗೆ ಎಷ್ಟು ದಿನಗಳಲ್ಲಿ ಕ್ರಮ, ಮುಖ್ಯ ಮಂಜೂರಾತಿದಾರರು ನಿಧನರಾದಲ್ಲಿ ಕುಟುಂಬದ ಸ್ಥಿತಿ ಏನು ಎಂಬ ಪ್ರತಿಯೊಂದು ಅಂಶವೂ ಅದರಲ್ಲಿ ನಮೂದಾಗಿರಬೇಕು.

ಅವಶ್ಯವಾದ ಸುಧಾರಣೆಗಳು

ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ ಸಣ್ಣ ಪಟ್ಟಣಗಳಿಗೆ ಹೊಂದುವ ಬಾಡಿಗೆ ವಸತಿ ನೀತಿಯಲ್ಲಿ ಈ ಕೆಳಕಂಡ ಅಂಶಗಳು ಮುಖ್ಯವೆನಿಸುತ್ತವೆ.

1. ಪ್ರತ್ಯೇಕ ಗಣತಿ: ವಸತಿರಹಿತರ ಸಮೀಕ್ಷೆಯಲ್ಲಿ ನಿವೇಶನರಹಿತ, ಶಿಥಿಲ ಮನೆ ಮತ್ತು ಬಾಡಿಗೆ ವಾಸ ಎಂಬ ಮೂರನ್ನೂ ಬೇರೆ ಬೇರೆಯಾಗಿ ದಾಖಲಿಸಬೇಕು. ಎಷ್ಟು ಕುಟುಂಬಗಳು ಎಷ್ಟು ಬಾಡಿಗೆ ತೆರುತ್ತಿವೆ ಎಂಬುದು ತಿಳಿಯದೆ ಬಾಡಿಗೆಯ ನಿಗದಿ ಸಾಧ್ಯವಿಲ್ಲ.

2. ಸ್ಥಳದ ಆಯ್ಕೆ: ಜಾಗವು ಸರ್ಕಾರದ್ದು ಎಂಬ ಒಂದೇ ಕಾರಣಕ್ಕೆ ಊರ ಹೊರಗಿನ ಸರ್ವೆ ನಂಬರನ್ನು ಆರಿಸಬಾರದು. ಬಸ್ ನಿಲ್ದಾಣ, ಮಾರುಕಟ್ಟೆ ಮತ್ತು ಶಾಲೆಗೆ ನಡೆದು ಹೋಗಬಹುದಾದ ಸ್ಥಳವು ಚಿಕ್ಕದಾದರೂ ಅಡ್ಡಿಯಿಲ್ಲ. ಬಳಕೆಯಲ್ಲಿಲ್ಲದ ಸರ್ಕಾರಿ ವಸತಿಗೃಹಗಳಿದ್ದಲ್ಲಿ ಅವುಗಳ ದುರಸ್ತಿಯನ್ನು ಮೊದಲು ಪರಿಶೀಲಿಸಬಹುದು.

3. ಒಗ್ಗೂಡಿದ ಯೋಜನೆ: ಒಂದೇ ಪಟ್ಟಣಕ್ಕೆ ದೊಡ್ಡ ಸಮುಚ್ಚಯ ಹೊರೆಯಾಗುವಲ್ಲಿ, ನಾಲ್ಕು ಪಟ್ಟಣಗಳ ಸಣ್ಣ ಸಣ್ಣ ಘಟಕಗಳನ್ನು ಸೇರಿಸಿ ಒಂದೇ ಯೋಜನೆಯಾಗಿ ಪರಿಗಣಿಸಲು ಅವಕಾಶ ನೀಡಬೇಕು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶವು ಇದರ ಸಮನ್ವಯಕ್ಕೆ ಸೂಕ್ತ ವೇದಿಕೆಯಾಗಬಲ್ಲದು.

4. ಪ್ರತ್ಯೇಕ ನಿರ್ವಹಣಾ ನಿಧಿ: ಬಾಡಿಗೆಯ ಮೊತ್ತವನ್ನು ಸ್ಥಳೀಯ ಸಂಸ್ಥೆಯ ಸಾಮಾನ್ಯ ನಿಧಿಗೆ ಸೇರಿಸದೆ ಪ್ರತ್ಯೇಕ ಖಾತೆಯಲ್ಲಿಟ್ಟು, ಅದರ ಲೆಕ್ಕವನ್ನು ಪ್ರತಿ ವರ್ಷ ಸಮುಚ್ಚಯದ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.

5. ಜ್ಯೇಷ್ಠತೆಯ ರಕ್ಷಣೆ: ಬಾಡಿಗೆ ಮನೆ ಪಡೆದ ಕುಟುಂಬವು ನಿವೇಶನರಹಿತರ ಪಟ್ಟಿಯಲ್ಲಿನ ತನ್ನ ಸ್ಥಾನವನ್ನು ಕಳೆದುಕೊಳ್ಳಬಾರದು. ಇದನ್ನು ಸರ್ಕಾರಿ ಆದೇಶದಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಇಲ್ಲವಾದಲ್ಲಿ ಬಾಡಿಗೆ ಮನೆಯ ಅವಶ್ಯಕತೆ ಅತಿ ಹೆಚ್ಚಾಗಿರುವ ಕುಟುಂಬಗಳೇ ನಿವೇಶನ ಕೈತಪ್ಪುವ ಭಯದಿಂದ ಅರ್ಜಿ ಸಲ್ಲಿಸದೆ ಉಳಿಯುತ್ತವೆ.

6. ಮಾರಾಟಕ್ಕೆ ನಿರ್ಬಂಧ: ಬಾಡಿಗೆಗೆಂದು ಕಟ್ಟಿದ ಮನೆಯು ಬಾಡಿಗೆಯ ದಾಸ್ತಾನಿನಲ್ಲಿಯೇ ಉಳಿಯಬೇಕು. ಸ್ವಂತ ಮನೆ ಪಡೆದ ಕುಟುಂಬವು ನಿಗದಿತ ಅವಧಿಯಲ್ಲಿ ತೆರವು ಮಾಡಿ ಮುಂದಿನ ಕುಟುಂಬಕ್ಕೆ ಅವಕಾಶ ನೀಡುವ ವ್ಯವಸ್ಥೆ ಇರಬೇಕು.

ಈ ಆರು ಅಂಶಗಳಲ್ಲಿ ಐದನೆಯದು ಮತ್ತು ಆರನೆಯದು ಒಂದಕ್ಕೊಂದು ಪೂರಕ. ಸ್ವಂತ ಮನೆಯ ದಾರಿ ಮುಚ್ಚಿದಲ್ಲಿ ಬಾಡಿಗೆದಾರರು ತಾವಿರುವ ಮನೆಯನ್ನೇ ಹಕ್ಕಿನಿಂದ ಕೇಳುವುದು ಸಹಜ. ಆ ದಾರಿ ತೆರೆದಿದ್ದಲ್ಲಿ ಬಾಡಿಗೆ ಮನೆಯನ್ನು ಬಿಟ್ಟುಕೊಡುವುದು ನಷ್ಟವೆನಿಸುವುದಿಲ್ಲ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಪ್ರಧಾನ ಮಂತ್ರಿ ಆವಾಸ್ ಯೋಜನೆ - ನಗರ 2.0 ಎಲ್ಲ ಶಾಸನಬದ್ಧ ಪಟ್ಟಣಗಳಿಗೂ ಅನ್ವಯಿಸುವುದರಿಂದ ಪುರಸಭೆ ಹಾಗೂ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಕುಟುಂಬಗಳು ಇದರ ವ್ಯಾಪ್ತಿಗೆ ಒಳಪಡುತ್ತವೆ. ವಾರ್ಷಿಕ ಆದಾಯ 3 ಲಕ್ಷ ರೂ.ವರೆಗಿನ ಕುಟುಂಬಗಳನ್ನು ಆರ್ಥಿಕವಾಗಿ ದುರ್ಬಲ ವರ್ಗವೆಂದೂ, 3 ರಿಂದ 6 ಲಕ್ಷ ರೂ.ವರೆಗಿನವುಗಳನ್ನು ಕಡಿಮೆ ಆದಾಯ ಗುಂಪೆಂದೂ ಪರಿಗಣಿಸಲಾಗುತ್ತದೆ. ಬಾಡಿಗೆ ವಸತಿ ಘಟಕವು ಮನೆ ಕಟ್ಟುವ ಅಥವಾ ಕೊಳ್ಳುವ ಶಕ್ತಿಯಿಲ್ಲದವರಿಗೆ ಹಾಗೂ ಅಲ್ಪಾವಧಿಗೆ ವಸತಿ ಬೇಕಾದವರಿಗೆ ಉದ್ದೇಶಿತವಾಗಿದೆ.

ಮಾಲೀಕತ್ವದ ಘಟಕಗಳಿಗೆ ಅರ್ಜಿ ಸಲ್ಲಿಸುವವರು ದೇಶದ ಯಾವುದೇ ಭಾಗದಲ್ಲಿ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಹೊಂದಿರಬಾರದು. ಹಿಂದಿನ 20 ವರ್ಷಗಳಲ್ಲಿ ಯಾವುದೇ ಸರ್ಕಾರಿ ವಸತಿ ಯೋಜನೆಯ ಸೌಲಭ್ಯವನ್ನೂ ಪಡೆದಿರಬಾರದು. ಬಾಡಿಗೆ ಮನೆಯಲ್ಲಿ ವಾಸಿಸುವುದು ಪಕ್ಕಾ ಮನೆ ಹೊಂದಿರುವುದಕ್ಕೆ ಸಮನಲ್ಲ. ಆದ್ದರಿಂದ ಬಾಡಿಗೆದಾರರು ತಮ್ಮ ವಾಸದ ಸ್ಥಿತಿಯನ್ನು ಅರ್ಜಿಯಲ್ಲಿ ಮರೆಮಾಚುವ ಅವಶ್ಯಕತೆಯಿಲ್ಲ. ಇದ್ದುದನ್ನು ಇದ್ದಂತೆಯೇ ನಮೂದಿಸುವುದು ಅವರ ಹಿತಕ್ಕೆ ಒಳ್ಳೆಯದು.

ಕುಟುಂಬದ ಸದಸ್ಯರ ಆಧಾರ್, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣ ಪತ್ರ ಮತ್ತು ಅನ್ವಯಿಸುವಲ್ಲಿ ಜಾತಿ ಪ್ರಮಾಣ ಪತ್ರವನ್ನು ಮುಂಚಿತವಾಗಿ ಸಿದ್ಧವಿಟ್ಟುಕೊಳ್ಳುವುದು ಸೂಕ್ತ. ಖಾಸಗಿ ಮನೆಯ ಬಾಡಿಗೆದಾರರು ಸಾಧ್ಯವಾದಷ್ಟು ಮಟ್ಟಿಗೆ ಲಿಖಿತ ಕರಾರು ಮಾಡಿಕೊಂಡು, ಬಾಡಿಗೆ ಹಾಗೂ ಠೇವಣಿಗೆ ರಶೀದಿ ಪಡೆಯಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯವಾಗಿರುತ್ತದೆ. ಅರ್ಜಿಯ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು. ಪಟ್ಟಿಯಲ್ಲಿನ ಸ್ಥಾನ ಅಥವಾ ತಿರಸ್ಕಾರದ ಕಾರಣವನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಲಿಖಿತವಾಗಿ ಕೋರಬಹುದು.

ವಸತಿ ನೀತಿಯ ಯಶಸ್ಸನ್ನು ಹಂಚಿಕೆಯಾದ ಹಕ್ಕುಪತ್ರಗಳ ಸಂಖ್ಯೆಯಿಂದ ಅಳೆಯುವುದು ರೂಢಿಯಲ್ಲಿದೆ. ಹಕ್ಕುಪತ್ರ ಕೈಸೇರುವವರೆಗಿನ ವರ್ಷಗಳಲ್ಲಿ ಒಂದು ಕುಟುಂಬವು ಎಷ್ಟು ಬಾರಿ ಮನೆ ಬದಲಿಸಬೇಕಾಯಿತು, ಮಕ್ಕಳ ಶಾಲೆ ಎಷ್ಟು ಬಾರಿ ಬದಲಾಯಿತು ಎಂಬುದನ್ನೂ ಅಳೆಯುವ ದಿನ ಬಂದಲ್ಲಿ, ಬಾಡಿಗೆ ವಸತಿಗೆ ನೀತಿಯಲ್ಲಿ ದೊರೆಯಬೇಕಾದ ಸ್ಥಾನವು ತಾನಾಗಿಯೇ ಸ್ಪಷ್ಟವಾಗುತ್ತದೆ.